ಒಪ್ಪಿಸಿಕೊಟ್ಟ ಹಲ್ಲು

ನಮ್ಮ ಊರಿನ ಎಷ್ಟೋ ಜನರ ಬಾಯಿ ನನಗೆ ಗೊತ್ತು. ಮುಖ ಗೊತ್ತಿಲ್ಲ.

ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನ ಹಿಂದೆ ಒಂದು ಉದ್ದನೆಯ ಕೋಣೆಯಿದೆ. ಅಲ್ಲಿ ಹಲ್ಲಿನ ಸೆಟ್ಟು ತಯಾರಿಸುತ್ತೇವೆ. ನಾವು ಅಂದರೆ ಮೇಷ್ಟ್ರು ಮತ್ತು ನಾನು. ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ, ನನಗೆ ಈ ಕೆಲಸ ಕಲಿಸಿದವರು, ಅಷ್ಟೇ. ಡಾಕ್ಟರಮ್ಮ ಜನರ ಒಸಡಿನ ಅಚ್ಚು ತೆಗೆದು ನಡುಗೋಡೆಯ ಕಿಟಕಿಯಲ್ಲಿ ಇಡುತ್ತಾರೆ. ಅದರೊಳಗೆ ನಾವು ಪ್ಲಾಸ್ಟರ್ ಸುರಿದು ಗಟ್ಟಿಮಾಡಿ, ಮೇಲಿನ ಒಸಡು ಕೆಳಗಿನ ಒಸಡು ಎರಡನ್ನೂ ಕೀಲಿರುವ ಒಂದು ಕಬ್ಬಿಣದ ಚೌಕಟ್ಟಿಗೆ ಕೂರಿಸುತ್ತೇವೆ. ಚೌಕಟ್ಟು ಬಾಯಿಯ ಹಾಗೆಯೇ ತೆರೆದು ಮುಚ್ಚುತ್ತದೆ, ಆದರೆ ಮಾತಾಡುವುದಿಲ್ಲ. ಆ ಕಾರಣಕ್ಕೇ ನನಗೆ ಈ ಕೆಲಸ ಒಗ್ಗಿತು.

ಶಾಲೆಯಲ್ಲಿ ಎದ್ದು ನಿಂತು ಓದು ಅಂದರೆ ನನ್ನ ದನಿ ಹೊಟ್ಟೆಯೊಳಗೇ ಕೂತುಬಿಡುತ್ತಿತ್ತು. ಅಪ್ಪ ತೀರಿಕೊಂಡ ವರ್ಷ ಶಾಲೆ ಬಿಡಬೇಕಾಯಿತು. ಬಂದವರೆಲ್ಲ ಅಯ್ಯೋ ಪಾಪ ಅಂದರು. ಇನ್ನು ಮೇಲೆ ಯಾರೂ ಎದ್ದು ನಿಲ್ಲು ಅನ್ನುವುದಿಲ್ಲವಲ್ಲ ಎಂದು ನಾನು ಒಳಗೊಳಗೇ ನೆಮ್ಮದಿಪಟ್ಟೆ. ನನ್ನ ಗುಣ ಇಂಥದ್ದು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಕೇಳುವವರಿಗೆ ಆಶ್ಚರ್ಯವಾಗುವುದಿಲ್ಲ.

ನನಗೆ ಹಲ್ಲುನೋವು ಶುರುವಾಯಿತು. ಕೆಳಗಿನ ಸಾಲಿನಲ್ಲಿ, ಎಡಗಡೆ, ದವಡೆ ಹಲ್ಲು. ತಣ್ಣೀರು ಬಿದ್ದರೆ ಕಿವಿಯವರೆಗೆ ಜುಮ್ಮೆನ್ನುತ್ತಿತ್ತು. ಗೋಡೆಯ ಈಚೆ ನನ್ನ ಹಲ್ಲು, ಆಚೆ ಡಾಕ್ಟರಮ್ಮ. ಹತ್ತು ಹೆಜ್ಜೆಯೂ ಇಲ್ಲ. ಆದರೆ ಡಾಕ್ಟರಮ್ಮನ ಗಂಟಲು ನಿಮಗೆ ಗೊತ್ತಿಲ್ಲ. ಕೈ ಮೃದು, ಗಂಟಲು ಮಾತ್ರ ಬಸ್ ಸ್ಟ್ಯಾಂಡಿನದು. "ಇದೇನ್ರೀ ಇದು, ಬಾಯಿ ಅಂತೀರೋ ಗೋಡೌನ್ ಅಂತೀರೋ" ಎಂದು ಅವರು ಒಳಗೆ ಅಂದರೆ, ಹೊರಗೆ ಬೆಂಚಿನ ಮೇಲೆ ಕಾಯುವವರೆಲ್ಲ ತುಟಿ ಮುಚ್ಚಿಕೊಳ್ಳುತ್ತಾರೆ. ಹಲ್ಲು ಕಟ್ಟುವವಳ ಹಲ್ಲೇ ಹುಳುಕು ಎಂದು ಅವರು ಒಂದು ಸಲ ಅಂದರೆ ಸಾಕು, ಬೀದಿಯ ತುದಿಯ ತನಕ ಹೋಗುತ್ತದೆ. ನಾನು ಬಾಯಿ ಮುಚ್ಚಿಕೊಂಡಿದ್ದೆ. ಅದರಲ್ಲಿ ನನಗೆ ಮೊದಲಿನಿಂದಲೂ ಒಳ್ಳೆಯ ಅಭ್ಯಾಸ.

ಆ ಭಾನುವಾರ ಚರ್ಚಿನಲ್ಲಿ ಫಾದರ್ ನೋವಿನ ಬಗ್ಗೆ ಪ್ರಸಂಗ ಮಾಡಿದರು. ಫಾದರಿಗೆ ವಯಸ್ಸಾಗಿದೆ. ಉಳಿದಿದ್ದ ಕೊನೆಯ ಹಲ್ಲುಗಳನ್ನು ಡಾಕ್ಟರಮ್ಮ ಆಗಷ್ಟೇ ಕಿತ್ತಿದ್ದರು, ಹೊಸ ಸೆಟ್ಟು ಇನ್ನೂ ಆಗಿರಲಿಲ್ಲ. ಬರಿಯ ಒಸಡಿನಲ್ಲಿ ಮಾತಾಡುತ್ತಿದ್ದರು. ಮುಂದಿನ ಸಾಲಿನವರು ಆಗಾಗ ಕೆನ್ನೆ ಒರೆಸಿಕೊಳ್ಳುತ್ತಿದ್ದರು. ಭಕ್ತಿಯಿಂದಲ್ಲ.

"ನೋವು ಬಂದಾಗ ಅದನ್ನ ಸುಮ್ಮನೆ ವ್ಯರ್ಥ ಮಾಡಬೇಡಿ" ಎಂದರು ಫಾದರ್. "ಯೇಸುಸ್ವಾಮಿಯ ನೋವಿನ ಜೊತೆ ಸೇರಿಸಿ, ಇನ್ನೊಬ್ಬರಿಗೆ ಒಳ್ಳೆಯದಾಗಲಿ ಅಂತ ದೇವರಿಗೆ ಒಪ್ಪಿಸಿಕೊಡಿ. ಶಿಲುಬೆ ಮೇಲೆ ನರಳಿದವನು ನಿಮ್ಮ ನೋವು ಸಣ್ಣದು ಅಂತ ಪಕ್ಕಕ್ಕೆ ಸರಿಸೋದಿಲ್ಲ."

ನನಗೆ ಎದೆ ತುಂಬಿ ಬಂತು. ಬೇರೆಯವರು ಏನು ಕೇಳಿಸಿಕೊಂಡರೋ, ನಾನು ಕೇಳಿಸಿಕೊಂಡದ್ದು ಒಂದೇ: ಡಾಕ್ಟರಮ್ಮನ ಹತ್ತಿರ ಹೋಗಬೇಕಾಗಿಲ್ಲ. ಹೋಗದೇ ಇರುವುದು ಹೇಡಿತನ ಅಂದುಕೊಂಡಿದ್ದೆ, ಈಗ ನೋಡಿದರೆ ಅದು ತಪಸ್ಸು.

ಯಾರಿಗಾಗಿ ಒಪ್ಪಿಸಬೇಕು ಎಂದು ಯೋಚಿಸಬೇಕಾಗಲಿಲ್ಲ. ನನಗೆ ಒಬ್ಬಳು ಅಕ್ಕನಿದ್ದಾಳೆ. ಹೆಂಡತಿ ಸತ್ತ, ಒಂದು ಮಗುವಿದ್ದ ಬಸ್ ಡ್ರೈವರನ್ನು ಮದುವೆಯಾದಳು. ಅಮ್ಮ ಬಾಗಿಲಲ್ಲಿ ನಿಂತು, "ಇನ್ನೊಬ್ಬಳ ಪಾತ್ರೆ ತೊಳೆಯೋಕೆ ಹೋಗ್ತಿದ್ದೀಯ, ಹೋಗು, ಈ ಹೊಸ್ತಿಲು ಮತ್ತೆ ತುಳೀಬೇಡ" ಅಂದಳು. ಅಕ್ಕ, "ನೀನಾಗಿ ಕರೆಯೋ ತನಕ ಈ ಕಡೆ ತಲೆ ಹಾಕಿ ಮಲಗೋದೂ ಇಲ್ಲ" ಅಂದಳು. ಇಬ್ಬರೂ ಒಂದೇ ಅಚ್ಚಿನಲ್ಲಿ ಸುರಿದ ಪ್ಲಾಸ್ಟರು. ಅಕ್ಕನ ಮನೆ ಬಸ್ಸಿನಲ್ಲಿ ಹೋದರೆ ಐದನೆಯ ಸ್ಟಾಪು. ನಾನು ಒಂದು ಸಲವೂ ಹೋಗಿರಲಿಲ್ಲ. ಹೋದರೆ ಅಮ್ಮನಿಗೆ ಏನು ಹೇಳುವುದು, ಹೋಗದಿದ್ದರೆ ಅಕ್ಕನಿಗೆ ಏನು ಹೇಳುವುದು ಎಂದು ಲೆಕ್ಕ ಹಾಕುತ್ತಲೇ ಎರಡು ವರ್ಷ ಕಳೆದಿದ್ದೆ. ಅಮ್ಮ ಆಗಲೂ ಮೂರು ತಟ್ಟೆ ತೆಗೆದಿಟ್ಟು, ಆಮೇಲೆ ಒಂದನ್ನು ಸದ್ದಾಗದ ಹಾಗೆ ಒಳಗಿಡುತ್ತಿದ್ದಳು. ಅದನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಹಾಗಾಗಿ ಚರ್ಚಿನಲ್ಲಿ ಕಣ್ಣು ಮುಚ್ಚಿ ಹೇಳಿದೆ: ಸ್ವಾಮಿ, ಈ ಹಲ್ಲು ನಿನ್ನದು. ಅಕ್ಕನನ್ನು ಮನೆಗೆ ಕರೆಸು.

ಅಂದಿನಿಂದ ನನ್ನ ಜೀವನಕ್ಕೆ ಒಂದು ಗಾಂಭೀರ್ಯ ಬಂತು. ನೋವು ಕುಟುಕಿದಾಗಲೆಲ್ಲ ಅಕ್ಕ ಒಂದು ಸ್ಟಾಪು ಹತ್ತಿರ ಬಂದ ಹಾಗೆ ಅನ್ನಿಸುತ್ತಿತ್ತು. ನೋವು ಕಡಿಮೆಯಿದ್ದ ದಿನ ಮೋಸ ಮಾಡಿದ ಹಾಗಾಗಿ, ಬೇಕೆಂದೇ ತಣ್ಣೀರು ಕುಡಿಯುತ್ತಿದ್ದೆ. ಮನೆಯ ಗೋಡೆಯ ಮೇಲಿನ ಶಿಲುಬೆಯನ್ನು ನೋಡುವಾಗ ನನ್ನ ದೃಷ್ಟಿಯೇ ಬದಲಾಯಿತು. ಮೊದಲು ಭಯಭಕ್ತಿಯಿಂದ ನೋಡುತ್ತಿದ್ದವಳು ಈಗ ಒಂದೇ ಕಾರ್ಖಾನೆಯಲ್ಲಿ ಕೆಲಸ ಮಾಡುವವರನ್ನು ನೋಡುವ ಹಾಗೆ ನೋಡುತ್ತಿದ್ದೆ. ನಿನಗೆ ಮೊಳೆ, ನನಗೆ ಹಲ್ಲು. ಹೇಗಿದೆ ಇವತ್ತು?

ಅಮ್ಮ ಮಾತ್ರ ಬೇರೆಯೇ ಅರ್ಥ ಮಾಡಿಕೊಂಡಳು.

"ಊಟ ಸೇರ್ತಿಲ್ಲ, ನಿದ್ದೆ ಇಲ್ಲ, ಒಬ್ಬೊಬ್ಬಳೇ ನಗ್ತೀಯ. ಯಾರೇ ಅವನು?"

"ಯಾರೂ ಇಲ್ಲಮ್ಮ."

"ಅವನೂ ಡ್ರೈವರೇ ಆಗಿದ್ರೆ ಈಗಲೇ ಹೇಳಿಬಿಡು. ನನಗೆ ಕೂತ್ಕೊಳ್ಳೋಕೆ ಒಂದು ಕುರ್ಚಿ ಬೇಕಾಗುತ್ತೆ."

ಯೇಸುಸ್ವಾಮಿ ಅಂತ ಹೇಳಿದ್ದರೆ ಅವಳು ನನ್ನನ್ನು ಕನ್ಯಾಸ್ತ್ರೀ ಮಠಕ್ಕೆ ಸೇರಿಸುತ್ತಿದ್ದಳೋ ಏನೋ.

ಈ ಹೊತ್ತಿಗೇ ಫಾದರ್ ಸೆಟ್ಟಿನ ಕೆಲಸ ನಮ್ಮ ಕಿಟಕಿಗೆ ಬಂತು. ಮೇಷ್ಟ್ರು ಅದನ್ನು ನನಗೇ ಕೊಟ್ಟರು. "ಇಲಿಮರಿ, ಇದನ್ನ ನೀನೇ ಪೂರ್ತಿ ಮಾಡು" ಅಂದರು. ಮೂಲೆಯಲ್ಲಿ ಸದ್ದಿಲ್ಲದೆ ಹಲ್ಲಿನ ಕೆಲಸ ಮಾಡುವುದರಿಂದ ಅವರು ನನಗೆ ಇಟ್ಟ ಹೆಸರು ಅದು. ನಾನು ಹಿಗ್ಗಿದೆ. ನನ್ನ ನೋವಿಗೆ ದಾರಿ ತೋರಿಸಿದವರ ಬಾಯಿಗೆ ನನ್ನ ಕೈಯ ಹಲ್ಲು.

ಕೆಲಸ ಹೀಗೆ. ಒಸಡಿನ ಮೇಲೆ ಮೇಣದ ದಿಂಡು ಕಟ್ಟಿ, ಸ್ಪಿರಿಟ್ ದೀಪದಲ್ಲಿ ಕಾಸಿದ ಚಾಕುವಿನಿಂದ ಮೇಣ ಕರಗಿಸುತ್ತಾ ಒಂದೊಂದೇ ಹಲ್ಲು ಕೂರಿಸುತ್ತಾ ಹೋಗಬೇಕು. ಚೌಕಟ್ಟನ್ನು ಮುಚ್ಚಿದಾಗ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಎರಡೂ ಕಡೆ ಒಂದೇ ಸಮ ತಾಗಬೇಕು. ತಾಗಿತೋ ಇಲ್ಲವೋ ನೋಡಲು ನಡುವೆ ತೆಳುವಾದ ನೀಲಿ ಕಾಗದ ಇಟ್ಟು ಕಚ್ಚಿಸುತ್ತೇವೆ. ತಾಗಿದ ಕಡೆ ನೀಲಿ ಚುಕ್ಕೆ ಬೀಳುತ್ತದೆ. ಆದರೆ ನಮ್ಮ ಕಸುಬಿನವರಿಗೆ ಒಂದು ಚಾಳಿಯಿದೆ. ಚೌಕಟ್ಟು ಮುಚ್ಚುವಾಗ ನಮ್ಮ ಬಾಯಿಯೂ ಮುಚ್ಚುತ್ತದೆ. ಮಗುವಿಗೆ ಉಣ್ಣಿಸುವ ತಾಯಿ ತಾನೂ ಆ ಅನ್ನುತ್ತಾಳಲ್ಲ, ಹಾಗೆ. ಮೇಷ್ಟ್ರು ಕೆಲಸ ಮಾಡುವಾಗ ನೋಡಿದರೆ ಅವರು ಇಡೀ ದಿನ ಏನೋ ಮೆಲ್ಲುತ್ತಿರುವ ಹಾಗೆ ಕಾಣುತ್ತದೆ. ಕೈಗೆ ಸರಿ ಅನ್ನಿಸುವುದು ಬಾಯಿಗೆ ಸರಿ ಅನ್ನಿಸಿದಾಗಲೇ.

ನನ್ನ ಬಾಯಿಯ ಎಡಗಡೆ ಆಗ ದೇವರಿಗೆ ಸೇರಿತ್ತು. ಚೌಕಟ್ಟಿನ ಎಡಗಡೆ ಹಲ್ಲು ಟಕ್ಕೆಂದು ತಾಗಿದರೆ ನನ್ನ ದವಡೆಯೇ ಹೌಹಾರುತ್ತಿತ್ತು. ನನಗೇ ತಿಳಿಯದೆ ಅಲ್ಲಿಯ ಮೇಣವನ್ನು ಒಂದು ಕೂದಲೆಳೆಯಷ್ಟು ಒತ್ತಿ ತಗ್ಗಿಸಿಬಿಡುತ್ತಿದ್ದೆ. ಆಗ ಕೈಗೂ ಬಾಯಿಗೂ ಹಾಯೆನ್ನಿಸುತ್ತಿತ್ತು. ನೀಲಿ ಕಾಗದ ಎಡಗಡೆ ಚುಕ್ಕೆಯನ್ನೇ ಬಿಡಲಿಲ್ಲ. ಕಾಗದ ಹಳತಾಗಿದೆ ಅಂದುಕೊಂಡೆ. ಬಲಗಡೆ ಅದೇ ಕಾಗದ ಚೆನ್ನಾಗಿಯೇ ಬಣ್ಣ ಬಿಡುತ್ತಿತ್ತು ಎನ್ನುವುದು ನನ್ನಂಥ ತಪಸ್ವಿನಿಯ ಗಮನಕ್ಕೆ ಬರುವಂಥ ವಿಷಯವಾಗಿರಲಿಲ್ಲ.

ಮೇಣದ ಸೆಟ್ಟನ್ನು ಬಾಯಿಗಿಟ್ಟು ನೋಡುವಾಗ ಡಾಕ್ಟರಮ್ಮ "ಎಲ್ಲಾದ್ರೂ ಎತ್ತರ ಅನ್ಸುತ್ತಾ ಫಾದರ್?" ಎಂದು ಕೇಳಿದ್ದು ಗೋಡೆಯ ಈಚೆಗೂ ಕೇಳಿಸಿತು. "ತುಂಬಾ ಚೆನ್ನಾಗಿದೆ, ತುಂಬಾ ಚೆನ್ನಾಗಿದೆ" ಎಂದರು ಫಾದರ್. ಸೆಟ್ಟು ತಯಾರಾಗಿ ಹೋಯಿತು.

ಅಲ್ಲಿಂದ ಮುಂದೆ ನಮ್ಮ ಚರ್ಚಿನಲ್ಲಿ ಒಂದು ಬದಲಾವಣೆ ಕಂಡಿತು. ಫಾದರ್ ಪ್ರಸಂಗ ಚಿಕ್ಕದಾಗುತ್ತಾ ಬಂತು. ಒಂದೊಂದು ಮಾತಿಗೂ ಮೊದಲು ನಿಲ್ಲುತ್ತಿದ್ದರು. ಕಣ್ಣಲ್ಲಿ ನೀರು ತುಂಬುತ್ತಿತ್ತು. ಯೇಸುಸ್ವಾಮಿಯ ಯಾತನೆ ಎನ್ನುವಾಗ ಒಮ್ಮೆ ಬಲಗೆನ್ನೆ ಹಿಡಿದುಕೊಂಡು ಬಲಿಪೀಠಕ್ಕೆ ಒರಗಿಬಿಟ್ಟರು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಫಾದರ್ ಎಷ್ಟು ಆಳಕ್ಕೆ ಇಳಿದಿದ್ದಾರೆ ನೋಡು" ಎಂದು ಅಮ್ಮ ಪಿಸುಗುಟ್ಟಿದಳು.

ನಾನು ತಲೆಯಾಡಿಸಿದೆ. ನನಗಂತೂ ಹೆಮ್ಮೆ. ಅವರು ಅಲ್ಲಿ, ನಾನು ಇಲ್ಲಿ, ಇಬ್ಬರೂ ಒಂದೇ ದೋಣಿಯಲ್ಲಿ ಕೂತಿದ್ದೇವೆ ಅಂದುಕೊಂಡೆ. ದೋಣಿಗೆ ತೂತು ಕೊರೆದದ್ದು ನಾನೇ ಎಂದು ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಫಾದರ್ ನಮ್ಮ ಕೋಣೆಯ ಹಿಂಬಾಗಿಲಿಗೆ ಬಂದರು. ಕರವಸ್ತ್ರದಲ್ಲಿ ಏನೋ ಸುತ್ತಿಕೊಂಡಿದ್ದರು. ಕದ್ದ ಮಾಲು ಮಾರಲು ಬಂದವರ ಹಾಗೆ ಆಚೀಚೆ ನೋಡಿ ಒಳಗೆ ಬಂದರು.

"ಮೇಷ್ಟ್ರೇ, ಡಾಕ್ಟರಮ್ಮಂಗೆ ಹೇಳ್ಬೇಡಿ. ಇದು ಸ್ವಲ್ಪ ಕಚ್ಚುತ್ತೆ."

ಮೇಷ್ಟ್ರು ಟಾರ್ಚು ಹಿಡಿದು ಅವರ ಬಾಯಿ ನೋಡಿದರು. ನಾನೂ ಹಿಂದಿನಿಂದ ಇಣುಕಿದೆ. ಅಚ್ಚಿನಲ್ಲಿ ಎಷ್ಟೋ ಸಲ ಸವರಿದ್ದ ಆ ಒಸಡು ಬಲಗಡೆ ಹುಣ್ಣಾಗಿ ಕೆಂಪಗೆ ಕೆತ್ತಿಹೋಗಿತ್ತು. ಪ್ಲಾಸ್ಟರಿಗೆ ಹುಣ್ಣಾಗುವುದಿಲ್ಲ.

"ಎಷ್ಟು ದಿನದಿಂದ ಫಾದರ್?"

"ಮೊದಲ ದಿನದಿಂದಲೇ."

"ಮತ್ತೆ ಬಾಯಿ ಬಿಟ್ಟು ಹೇಳೋದಲ್ವ?"

"ಹೇಗೆ ಹೇಳ್ಲಿ ಮೇಷ್ಟ್ರೇ? ನೋವನ್ನ ಒಪ್ಪಿಸಿಕೊಡಿ ಅಂತ ಊರಿಗೆಲ್ಲ ಹೇಳಿ, ಮಾರನೇ ವಾರಾನೇ ನನಗೆ ಹಲ್ಲು ಚುಚ್ಚುತ್ತೆ ಅಂತ ಬರೋಕಾಗುತ್ತಾ? ಮರ್ಯಾದೆ ಪ್ರಶ್ನೆ. ಇವತ್ತು ಬೆಳಿಗ್ಗೆ ಒಂದು ಮಗುವಿಗೆ ಆಶೀರ್ವಾದ ಮಾಡೋ ಬದಲು ಗದರಿಬಿಟ್ಟೆ. ಅದು ಅತ್ತಿತು. ಆಗ ಹೊರಟು ಬಂದೆ."

ಮೇಷ್ಟ್ರು ಸೆಟ್ಟನ್ನು ಚೌಕಟ್ಟಿಗೆ ಕೂರಿಸಿ ಹೊಸ ನೀಲಿ ಕಾಗದ ಇಟ್ಟು ಕಚ್ಚಿಸಿದರು. ಬಲಗಡೆ ಕಡುನೀಲಿ. ಎಡಗಡೆ ಚುಕ್ಕೆಯಿಲ್ಲ. ಕನ್ನಡಕ ಹಣೆಗೇರಿಸಿ ಇನ್ನೊಮ್ಮೆ ನೋಡಿದರು.

"ಎಡಗಡೆ ಹಲ್ಲೆಲ್ಲ ಹೆದರಿಕೊಂಡು ಕೂತಿವೆಯಲ್ಲ, ಯಾಕೆ?" ಎಂದು ತಮ್ಮಷ್ಟಕ್ಕೇ ಅಂದರು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದರು. "ಇಲಿಮರಿ, ಬೆಳಕಿಗೆ ಬಾ."

ಬಂದೆ. ಎಡಗೆನ್ನೆ ಊದಿತ್ತು. ಕೂದಲು ಇಳಿಬಿಟ್ಟು ಮುಚ್ಚಿಕೊಂಡಿದ್ದೆ.

"ಕಚ್ಚು" ಅಂದರು ಮೇಷ್ಟ್ರು. ಕಚ್ಚಲು ಹೋಗಿ ಕಣ್ಣಲ್ಲಿ ನೀರು ಬಂತು. ಅವರು ಬೈಯಲಿಲ್ಲ. ತಲೆ ಚಚ್ಚಿಕೊಂಡು, "ನಿನ್ನ ಬಾಯಿ ತಗೊಂಡು ಹೋಗಿ ಅವರ ಬಾಯಲ್ಲಿ ಇಟ್ಟಿದ್ದೀಯಲ್ಲೇ ತಾಯಿ" ಅಂದರು. ಡಾಕ್ಟರಮ್ಮನ ಕೈ ಯಾವಾಗ ಖಾಲಿಯಾಗುತ್ತದೆ ನೋಡಿಬರಲು ಮುಂದಿನ ಕೋಣೆಗೆ ಹೋದರು.

ಫಾದರ್ ನನ್ನ ಎದುರು ಸ್ಟೂಲಿನ ಮೇಲೆ ಕೂತರು. ಹಲ್ಲಿಲ್ಲದೆ ಅವರ ಮುಖ ಮಡಿಸಿಟ್ಟ ಬಟ್ಟೆಯ ಹಾಗೆ ಸಣ್ಣದಾಗಿತ್ತು.

"ನೀನು ಯಾಕಮ್ಮ ಹೇಳ್ಲಿಲ್ಲ?"

ನಾನು ನೆಲ ನೋಡಿದೆ. ಅವರು ಕಾದರು. ಪಾಪನಿವೇದನೆ ಕೇಳಿ ಕೇಳಿ ಅವರಿಗೆ ಕಾಯುವುದು ಗೊತ್ತು.

"ಒಪ್ಪಿಸಿಕೊಟ್ಟಿದ್ದೆ ಫಾದರ್."

"ಯಾರಿಗಾಗಿ?"

"ಅಕ್ಕನಿಗಾಗಿ. ಮನೆಗೆ ಬರ್ಲಿ ಅಂತ."

"ಅಕ್ಕ ಎಲ್ಲಿದ್ದಾಳೆ?"

"ಐದನೇ ಸ್ಟಾಪು."

"ಬಾ ಅಂತ ಅವಳನ್ನ ಕರೆದಿದ್ದೀಯಾ?"

"ಇಲ್ಲ ಫಾದರ್."

"ಮತ್ತೆ ಅವಳಿಗೆ ಹೇಗೆ ಗೊತ್ತಾಗ್ಬೇಕು? ನಿನ್ನ ಹಲ್ಲು ಹೋಗಿ ಹೇಳುತ್ತಾ?"

ಹೇಳಿ ಅವರೇ ನಕ್ಕರು. ನಕ್ಕಿದ್ದರಿಂದ ಹುಣ್ಣು ಎಳೆದು ಅಯ್ಯಪ್ಪಾ ಎಂದು ಕೆನ್ನೆ ಹಿಡಿದುಕೊಂಡರು. ನನಗೂ ನಗು ಬಂದು, ನನಗೂ ನೋವಾಗಿ, ನಾನೂ ಕೆನ್ನೆ ಹಿಡಿದುಕೊಂಡೆ. ಅವರದು ಬಲಗೆನ್ನೆ, ನನ್ನದು ಎಡಗೆನ್ನೆ. ಹೊರಗಿನಿಂದ ಯಾರಾದರೂ ನೋಡಿದ್ದರೆ ಕನ್ನಡಿ ಅಂದುಕೊಳ್ಳುತ್ತಿದ್ದರು.

ಕೆನ್ನೆಯಿಂದ ಕೈ ತೆಗೆದು ಫಾದರ್ ಅಂದರು, "ನಾನು ಹೇಳಿದ್ದು ಸುಳ್ಳಲ್ಲಮ್ಮ. ತಪ್ಪಿಸೋಕೆ ಆಗದ ನೋವು ಇರುತ್ತೆ. ಅದನ್ನ ಎಲ್ಲಾದ್ರೂ ಇಡಬೇಕಲ್ಲ, ಯೇಸುಸ್ವಾಮಿ ಹತ್ತಿರ ಇಡಬಹುದು. ಆದ್ರೆ ಅರ್ಧ ಮಾತ್ರ ಹೇಳಿಬಿಟ್ಟೆ. ಅವನು ಶಿಲುಬೆಗೇರೋ ಹಿಂದಿನ ರಾತ್ರಿ ತೋಟದಲ್ಲಿ ಸ್ನೇಹಿತರಿಗೆ ಏನು ಹೇಳಿದ? ನನಗೆ ಸಂಕಟ ಆಗ್ತಿದೆ, ಸ್ವಲ್ಪ ಹೊತ್ತು ಜೊತೆಗಿರಿ ಅಂದ. ಅವರು ಮಲಗಿಬಿಟ್ರು, ಅದು ಬೇರೆ. ಈ ಕಷ್ಟ ತಪ್ಪಿಸೋಕಾಗುತ್ತಾ ಅಂತ ತಂದೆಯನ್ನೂ ಕೇಳಿದ. ಶಿಲುಬೆ ಮೇಲೆ ಬಾಯಾರಿಕೆ ಅಂದ. ಅದೂ ಯಾರ ಹತ್ತಿರ? ಮೊಳೆ ಹೊಡೆದವರ ಹತ್ತಿರ." ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು. "ದೇವರಾಗೇ ಇದ್ದಿದ್ರೆ ಯಾರನ್ನೂ ಏನೂ ಕೇಳ್ಬೇಕಾಗಿರಲಿಲ್ಲ. ಮನುಷ್ಯ ಆದ. ನೀರು ಕೇಳ್ಬೇಕಾಯ್ತು. ನಾವಿಬ್ಬರೂ ಅವನಿಗಿಂತ ದೊಡ್ಡವರಾಗೋಕೆ ಹೋಗಿದ್ವಿ, ನೋಡು."

ಆಗ ಗೋಡೆಯ ಆಚೆಯಿಂದ ಆ ಗಂಟಲು ಬಂತು. "ಎಲ್ಲಿ ಅವಳು? ಹಲ್ಲಿನ ಅಂಗಡಿ ಒಳಗೇ ಕೂತು ಹಲ್ಲು ಕೊಳೆಸಿಕೊಂಡವಳು?"

ನಾನು ಎದ್ದು ಆಚೆ ಹೋದೆ, ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ನಾನು ಇಷ್ಟು ದಿನ ಹೆದರಿದ್ದ ಘಳಿಗೆ ಅದೇ. ಹೆದರಿದ್ದಕ್ಕಿಂತ ಒಂದು ಕೂದಲೆಳೆಯಷ್ಟೂ ಕಡಿಮೆಯಿರಲಿಲ್ಲ. ಆದರೆ ನೋಡಿದವರು ಆಮೇಲೆ ತಮ್ಮ ತಮ್ಮ ಕೆನ್ನೆ ಹಿಡಿದುಕೊಂಡು ಕೂತರು. ಎಲ್ಲರಿಗೂ ಅವರವರ ಹಲ್ಲಿನದೇ ಚಿಂತೆ.

ಡಾಕ್ಟರಮ್ಮ ನನ್ನ ಬಾಯಿ ನೋಡಿ ದನಿ ತಗ್ಗಿಸಿದರು. ಅವರ ದನಿ ತಗ್ಗಿದ್ದು ನಾನು ಕೇಳಿದ್ದು ಅದೇ ಮೊದಲು. ನನಗೆ ನಿಜವಾಗಿ ಭಯವಾದದ್ದು ಆಗ. "ಬೇರು ಪೂರ್ತಿ ಕೀವು. ಇನ್ನೂ ಬಿಟ್ಟಿದ್ರೆ ಕುತ್ತಿಗೆಗೆ ಇಳೀತಿತ್ತು. ಉಸಿರಿಗೇ ತೊಂದ್ರೆ ಆಗ್ತಿತ್ತು, ಗೊತ್ತಾ? ಮಾತ್ರೆ ತಗೋ. ಊತ ಇಳಿದ ಮೇಲೆ ಶುಕ್ರವಾರ ಕೀಳ್ತೀನಿ. ಜೊತೆಗೆ ಯಾರನ್ನಾದ್ರೂ ಕರ್ಕೊಂಡು ಬಾ. ನೀನು ತಲೆ ಸುತ್ತಿ ಬೀಳೋ ಪೈಕಿ."

ಅಮ್ಮನನ್ನು ಕರೆಯಬಹುದಿತ್ತು. ಮೇಷ್ಟ್ರ ಫೋನು ಹಿಡಿದುಕೊಂಡು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತೆ. ಅಕ್ಕನ ನಂಬರು ಬಾಯಿಪಾಠವಿತ್ತು. ಒತ್ತಿ ಅಳಿಸಿ, ಒತ್ತಿ ಅಳಿಸಿ, ಕೊನೆಗೆ ಹೋಗಲಿ ಅತ್ತ ಎಂದು ಒತ್ತಿಬಿಟ್ಟೆ.

"ಹಲೋ, ಯಾರು?"

ದನಿ ಹೊಟ್ಟೆಯಲ್ಲಿ ಕೂತುಬಿಟ್ಟಿತು. ಶಾಲೆಯಲ್ಲಿ ಆದ ಹಾಗೇ.

"ಯಾರ್ರೀ ಅದು? ಮಾತಾಡಿ. ಉಸಿರು ಬಿಡೋಕೆ ಫೋನ್ ಮಾಡಿದ್ದೀರಾ?"

"ಅಕ್ಕ, ನಾನು."

ಆ ಕಡೆ ಒಲೆಯ ಮೇಲೆ ಏನೋ ಕುದಿಯುವುದು ಕೇಳಿಸುತ್ತಿತ್ತು.

"ನನಗೆ ಹಲ್ಲುನೋವು. ಶುಕ್ರವಾರ ಕೀಳ್ತಾರಂತೆ. ಭಯ ಆಗ್ತಿದೆ. ನೀನು ಬರ್ತೀಯಾ?"

ಇಷ್ಟೇ. ಇದನ್ನು ಹೇಳುವುದಕ್ಕೆ ಎರಡು ವರ್ಷ ಮತ್ತು ಒಂದು ದವಡೆ ಹಲ್ಲು ಹಿಡಿದಿತ್ತು.

"ಎರಡು ವರ್ಷ ಆದ್ಮೇಲೆ ಫೋನ್ ಮಾಡಿ ಹಲ್ಲುನೋವು ಅಂತೀಯಲ್ಲೇ, ಕತ್ತೆ" ಅಂದಳು ಅಕ್ಕ. ಮೂಗು ಸೇದಿದ ಸದ್ದಾಯಿತು. "ಎಷ್ಟು ಗಂಟೆಗೆ?"

ಶುಕ್ರವಾರ ಬಂದಳು. ಸ್ವಲ್ಪ ದಪ್ಪಗಾಗಿದ್ದಳು. ಡಾಕ್ಟರಮ್ಮ ಇಕ್ಕಳ ಹಿಡಿದಾಗ ಅಕ್ಕ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಹಲ್ಲಿಗಿಂತ ಬೆರಳೇ ಹೆಚ್ಚು ನೋವಾಯಿತು. ಕಣ್ಣು ಮುಚ್ಚಿಕೊಂಡವಳೂ ಅವಳೇ. ಹಲ್ಲು ಬಂತು. ಬಟ್ಟಲಿನಲ್ಲಿ ಕಡಲೆಯಷ್ಟು ಸಣ್ಣದಾಗಿ ಬಿದ್ದಿತ್ತು. ಅದನ್ನು ನೋಡಿದಾಗ ದೇವರಿಗೆ ಕೊಟ್ಟ ಕಾಣಿಕೆಯ ಬಗ್ಗೆ ನನಗೇ ನಾಚಿಕೆಯಾಯಿತು.

ಬಾಯಿಗೆ ಹತ್ತಿ ತುರುಕಿ, ಕಚ್ಚಿಕೊಂಡಿರು, ಒಂದು ಗಂಟೆ ಮಾತಾಡಬೇಡ ಎಂದರು ಡಾಕ್ಟರಮ್ಮ. ಮೇಷ್ಟ್ರು ಕಿಟಕಿಯಿಂದ, "ಅದೇನು ಅವಳಿಗೆ ಕಷ್ಟ ಇಲ್ಲ ಬಿಡಿ" ಅಂದರು.

ಅಕ್ಕ ನನ್ನನ್ನು ಬೀದಿಯ ತಿರುವಿನ ತನಕ ಬಿಟ್ಟು ಹೋಗುತ್ತೇನೆ ಅಂದಳು. ತಿರುವಿನಲ್ಲಿ ನನಗೆ ತಲೆ ಸುತ್ತಿತು. ದೇವರಾಣೆಗೂ ನಾಟಕವಲ್ಲ. ಅರ್ಧ ನಾಟಕ. ಅಕ್ಕ ತೋಳು ಹಿಡಿದು ಬಾಗಿಲ ತನಕ ತಂದಳು. ಅಮ್ಮ ಬಾಗಿಲು ತೆರೆದಳು. ನನ್ನ ತುಟಿಯ ಮೂಲೆಯಲ್ಲಿ ಜಿನುಗಿದ್ದ ರಕ್ತ ನೋಡಿದಳು. ಆಮೇಲೆ ಅಕ್ಕನನ್ನು ನೋಡಿದಳು.

"ಏನಾಯ್ತೇ?" ಎಂದು ನನ್ನನ್ನು ಕೇಳಿದಳು.

ನಾನು ಬಾಯಿ ತೋರಿಸಿದೆ. ಹತ್ತಿ.

"ಏನಾಯ್ತು ಅಂತ ಕೇಳ್ತಿದ್ದೀನಲ್ಲ."

ನಾನು ಅಕ್ಕನ ಕಡೆ ಕೈ ತೋರಿಸಿದೆ. ಬೇರೆ ದಾರಿಯಿರಲಿಲ್ಲ. ಅಮ್ಮ ಗೋಡೆಗೆ ಹೇಳುವ ಹಾಗೆ, "ಏನಾಗಿದೆಯಂತೆ ಇವಳಿಗೆ?" ಅಂದಳು. ಅಕ್ಕನೂ ಅದೇ ಗೋಡೆಗೆ, "ಹಲ್ಲು ಕಿತ್ತಿದ್ದಾರೆ. ಕೀವು ಆಗಿತ್ತಂತೆ. ಒಂದೇ ಮನೇಲಿದ್ದು ಯಾರಿಗೂ ಗೊತ್ತಾಗಿಲ್ಲ" ಅಂದಳು.

"ಹೇಳಿದ್ರೆ ತಾನೇ ಗೊತ್ತಾಗೋದು. ಇವಳು ಯಾವತ್ತು ಬಾಯಿ ಬಿಟ್ಟಿದ್ದಾಳೆ?"

"ಅದೂ ನಿಜ. ಹುಟ್ಟಿದಾಗಲೂ ಅಳಲಿಲ್ಲ ಅಂತ ನೀನೇ ಹೇಳ್ತಿದ್ದೆ."

"ಸೂಲಗಿತ್ತಿ ಎರಡು ಸಲ ಹೊಡೀಬೇಕಾಯ್ತು."

"ಇನ್ನೂ ಎರಡು ಹೊಡೀಬೇಕಿತ್ತು."

ಇಬ್ಬರೂ ಸೇರಿ ನನ್ನನ್ನು ಬೈಯಲು ಶುರುಮಾಡಿದರು. ನಾನು ನಡುವೆ ಹತ್ತಿ ಕಚ್ಚಿಕೊಂಡು ನಿಂತಿದ್ದೆ. ನನ್ನ ಜೀವಮಾನದಲ್ಲಿ ಅಷ್ಟು ಸುಖವಾದ ಬೈಗಳು ತಿಂದಿರಲಿಲ್ಲ. ಆಮೇಲೆ ಬೈಗಳು ಮುಗಿಯಿತು. ಅಕ್ಕ ಹೊಸ್ತಿಲಿನ ಆಚೆಯೇ ನಿಂತಿದ್ದಳು. ಅಮ್ಮ ಒಳಗೆ ಬಾ ಅನ್ನಲಿಲ್ಲ. ಅಕ್ಕ ಹೋಗುತ್ತೇನೆ ಅನ್ನಲೂ ಇಲ್ಲ. ಅವಳು ಸೆರಗು ಸರಿಮಾಡಿಕೊಂಡಳು, ಹೊರಡುವವಳ ಹಾಗೆ. ನನಗೆ ಜೀವ ಬಾಯಿಗೆ ಬಂತು, ಅಲ್ಲಿ ಹತ್ತಿಯಿದ್ದದ್ದರಿಂದ ಅಲ್ಲೇ ನಿಂತಿತು.

"ಅಮ್ಮ" ಅಂದಳು ಅಕ್ಕ. ಗೋಡೆಗಲ್ಲ. "ಬಿಸಿಲಲ್ಲಿ ಬಂದೆ. ಕುಡಿಯೋಕೆ ಸ್ವಲ್ಪ ನೀರು ಕೊಡ್ತೀಯಾ?"

ಅಮ್ಮ ಒಳಗೆ ಹೋದಳು. ಲೋಟ ಬೀಳುವ ಸದ್ದಾಯಿತು, ಮತ್ತೆ ಎತ್ತಿದ ಸದ್ದಾಯಿತು. "ಹೊರಗೆ ನಿಂತು ಯಾರಾದ್ರೂ ನೀರು ಕುಡೀತಾರಾ?" ಎಂದು ಅಡುಗೆಮನೆಯಿಂದಲೇ ಕೂಗಿದಳು. "ಬಂದು ಕೂತ್ಕೋ."

ಫಾದರ್ ಸೆಟ್ಟಿನ ಎಡಗಡೆಯ ಹಲ್ಲುಗಳನ್ನು ಮತ್ತೆ ಕೂರಿಸಿಕೊಟ್ಟಿದ್ದೇನೆ. ಈಗ ಪ್ರಸಂಗ ಮತ್ತೆ ಉದ್ದವಾಗಿದೆ. ಚಿಕ್ಕದಾಗಿದ್ದಾಗಲೇ ಚೆನ್ನಾಗಿತ್ತು ಎಂದು ಕೆಲವರು ಗೊಣಗುತ್ತಾರೆ. ಅಮ್ಮನೂ ಅಕ್ಕನೂ ಭಾನುವಾರ ಭಾನುವಾರ ಜಗಳವಾಡುತ್ತಾರೆ, ಒಂದೇ ಮೇಜಿನಲ್ಲಿ ಕೂತು. ಹಲ್ಲು ಹೋದ ಜಾಗದಲ್ಲಿ ನಾಲಿಗೆ ಆಡಿಸುವಾಗ ಒಮ್ಮೊಮ್ಮೆ, ಎಷ್ಟಾದರೂ ನಾನು ಒಪ್ಪಿಸಿಕೊಟ್ಟದ್ದಕ್ಕೇ ಅಕ್ಕ ಬಂದದ್ದು ಎಂಬ ಹಮ್ಮು ತಲೆಯೆತ್ತುತ್ತದೆ. ಆಗ ಎದ್ದು ಹೋಗಿ ಯಾರ ಹತ್ತಿರವಾದರೂ ಏನಾದರೂ ಕೇಳುತ್ತೇನೆ. ಮೇಷ್ಟ್ರ ಹತ್ತಿರ ನೀಲಿ ಕಾಗದ. ಅಕ್ಕನ ಹತ್ತಿರ ಸೂಜಿ. ಕೇಳುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.